ಕೆಲಸ ಬಿಡುವ ಮುನ್ನ ಅಳೆಯಬೇಕಾದ ದೂರ

ಮೂಲ್ಕಿಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ್ ಕಾಮತ್ ಹದಿಹರೆಯದಲ್ಲೇ ಮುಂಬೈಗೆ ಹೋದರು. ಅಲ್ಲಿ ಅಣ್ಣನ ‘ಗೋಕುಲ್’ ಹೋಟೆಲಿನಲ್ಲಿ ಕೆಲಸ. ಐಸ್‌ಕ್ರೀಮಿಗೆ ಎಸೆನ್ಸ್ ಬದಲು ಹಣ್ಣನ್ನೇ ಹಾಕಿದರೆ ಹೇಗೆ ಎಂಬ ಯೋಚನೆ ತಲೆಯಲ್ಲಿತ್ತು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ‘ನ್ಯಾಚುರಲ್ಸ್’ ಎಂಬ ಪುಟ್ಟ ಅಂಗಡಿ ತೆರೆದರು. ಬರೀ ಐಸ್‌ಕ್ರೀಮ್ ತಿನ್ನಲು ಜನ ಬಂದಾರೆಂಬ ಧೈರ್ಯ ಮಾತ್ರ ಇರಲಿಲ್ಲ. ಹಾಗಾಗಿ ಪಾವ್‌ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪು ಕೇಳಿದರು. ಮರುವರ್ಷ, ಐಸ್‌ಕ್ರೀಮಿಗೆಂದೇ ಗಿರಾಕಿಗಳು ಬರತೊಡಗಿದ ಮೇಲೆ, ಪಾವ್‌ಭಾಜಿ ನಿಲ್ಲಿಸಿದರು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಹಣ್ಣಿನ ವ್ಯಾಪಾರಿಯ ಮಗ ಕೋಟಿಗಟ್ಟಲೆ ವಹಿವಾಟಿಗೆ ಬೆಳೆದದ್ದನ್ನೇ ಎತ್ತಿ ಹೇಳುತ್ತಾರೆ. ಉದ್ಯಮಕ್ಕಿಳಿಯಲು ಹೊರಟವರು ಮಾತ್ರ ಆ ಒಂದು ವರ್ಷದ ಪಾವ್‌ಭಾಜಿಯನ್ನು ಗಮನಿಸಬೇಕು. ಹೊಸದು ತನ್ನ ಕಾಲ ಮೇಲೆ ನಿಲ್ಲುವ ತನಕ ಬಾಡಿಗೆ ಕಟ್ಟಿದ್ದು ಅದು.

ಮಂಗಳೂರಿನಲ್ಲಿ ಈ ಲೆಕ್ಕಾಚಾರ ಇಂದು ಸಾವಿರಾರು ಮನೆಗಳಲ್ಲಿ ನಡೆಯುತ್ತಿದೆ. ಸುರತ್ಕಲ್ಲಿನ ಎನ್‌ಐಟಿಕೆಯಿಂದ ಹಿಡಿದು ಸುತ್ತಲಿನ ಕಾಲೇಜುಗಳ ತನಕ ಪ್ರತಿವರ್ಷ ಪದವಿ ಮುಗಿಸಿ ಬರುವವರ ಮುಂದೆ ಬೆಂಗಳೂರಿನ ಕಂಪನಿ, ಗಲ್ಫ್‌ನ ವೀಸಾ ಎಂಬ ಎರಡು ದಾರಿಗಳು ಸಿದ್ಧವಾಗಿರುತ್ತವೆ. ಮೂರನೆಯದನ್ನು, ಸ್ವಂತದ್ದೇನಾದರೂ ಮಾಡುತ್ತೇನೆ ಎಂಬುದನ್ನು, ಬಾಯಿಬಿಟ್ಟು ಹೇಳಿದ ಕೂಡಲೇ ಮನೆಯಲ್ಲಿ ಮೌನ. “ಮೊದಲು ಒಂದು ಕೆಲಸ ನೋಡು ಮಗಾ, ಆಮೇಲೆ ಬೇಕಾದ್ದು ಮಾಡು” ಎನ್ನುವ ತಾಯಿಯ ಮಾತನ್ನು ಅಂಜುಕುಳಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ತಾಯಿಯ ಆ ಮಾತಿನಲ್ಲಿ ಅರ್ಧ ಸತ್ಯವಿದೆ.

ಆ ಅರ್ಧ ಸತ್ಯವನ್ನು ಆಟವಾಡಿಸಿ ಕಲಿಸುವ ಜಾಗ ಮಂಗಳೂರಿಗೆ ದೂರವೇನಲ್ಲ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಮೇತ ಉಚಿತ ತರಬೇತಿ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯಂಥ ಕಸುಬುಗಳ ಜೊತೆಗೆ ಉದ್ಯಮಿಯ ಮನಸ್ಸನ್ನು ಹದಗೊಳಿಸುವ ಪಾಠಗಳೂ ಇರುತ್ತವೆ. ಇಂಥ ತರಬೇತಿಗಳಲ್ಲಿ ರಿಂಗ್ ಎಸೆಯುವ ಆಟವೊಂದುಂಟು. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಕೆಲವು ರಿಂಗ್‌ಗಳು. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವರದೇ ತೀರ್ಮಾನ. ಗೂಟದ ಪಕ್ಕದಲ್ಲೇ ನಿಂತರೆ ರಿಂಗ್ ಬೀಳುವುದು ಖಂಡಿತ, ಆದರೆ ಅಂಕ ಕಡಿಮೆ. ತೀರಾ ದೂರ ಹೋದರೆ ಅಂಕ ಹೆಚ್ಚು, ಬೀಳುವುದು ಅದೃಷ್ಟದ ಮೇಲೆ. ಆಟ ಮುಗಿದ ಮೇಲೆ ನಿಜವಾದ ಪಾಠ ಶುರು: ಅಲ್ಲೇ ಯಾಕೆ ನಿಂತಿರಿ? ಮೊದಲ ಎಸೆತ ತಪ್ಪಿದಾಗ ಮುಂದೆ ಬಂದಿರಾ, ಇನ್ನೂ ಹಿಂದೆ ಸರಿದಿರಾ?

ಈ ಆಟದ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರ ಸಂಶೋಧನೆಯಲ್ಲಿದೆ. 1960ರ ದಶಕದಲ್ಲಿ ಆಂಧ್ರದ ಕಾಕಿನಾಡದಲ್ಲಿ ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡಿಸಿ ಪ್ರಯೋಗ ಮಾಡಿದವರು ಅವರು. ಸಾಧಿಸಬೇಕೆಂಬ ಹಂಬಲ ಬಲವಾಗಿರುವವರು ತಮ್ಮ ಕೈಚಳಕಕ್ಕೆ ಫಲ ಸಿಗುವಂಥ ಮಧ್ಯಮ ದೂರವನ್ನೇ ಆರಿಸಿಕೊಳ್ಳುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಉದ್ಯಮಿ ಎಂದರೆ ಜೂಜುಕೋರ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಎಂದರೆ, ಮನೆ ಅಡವಿಟ್ಟವರ ಕಥೆಗಳೇ ನಮಗೆ ರುಚಿಸುತ್ತವೆ. ಅಡವಿಟ್ಟು ಮುಳುಗಿದವರ ಕಥೆಯನ್ನು ಯಾರೂ ವೇದಿಕೆ ಹತ್ತಿ ಹೇಳುವುದಿಲ್ಲ.

ಮಂಗಳೂರಿನ ಚರಿತ್ರೆಯೂ ಜೂಜಿನ ಪರ ಸಾಕ್ಷಿ ನುಡಿಯುವುದಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈ ಇಲ್ಲಿ ಹೆಸರಾಂತ ವಕೀಲರಾಗಿದ್ದವರು. 1891ರಲ್ಲಿ ಕೆನರಾ ಹೈಸ್ಕೂಲ್ ಕಟ್ಟಿದರು. 1906ರಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ‘ಹಿಂದೂ ಪರ್ಮನೆಂಟ್ ಫಂಡ್’ ಸ್ಥಾಪಿಸಿದರು. ವಕೀಲಿಕೆಯಲ್ಲಿ ಗಳಿಸಿದ ಜನರ ವಿಶ್ವಾಸವೇ ಬ್ಯಾಂಕಿನ ಮೊದಲ ಬಂಡವಾಳವಾಯಿತೆನ್ನಬಹುದು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಸಂಗ್ರಹಿಸಿದ ಪಿಗ್ಮಿ ಠೇವಣಿಯ ಹಿಂದೆಯೂ ಇದೇ ತಾಳ್ಮೆಯಿತ್ತು.

ಊರು ಬಿಡಬೇಕೇ ಬೇಡವೇ ಎಂಬುದು ಇನ್ನೊಂದು ಗೊಂದಲ. ಕಾಮತರಿಗೆ ಮುಂಬೈಯ ಗಿರಾಕಿಗಳು ಬೇಕಿದ್ದರು. ರೋಹಿತ್ ಭಟ್ 1996ರಲ್ಲಿ ರೋಬೋಸಾಫ್ಟ್ ಸ್ಥಾಪಿಸಿದ್ದು ಉಡುಪಿಯಲ್ಲಿ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳಿಗೆ ತಂತ್ರಾಂಶ ಬರೆಯುವುದು ಆಗ ಕೆಲವರೇ ಮಾಡುತ್ತಿದ್ದ ಕೆಲಸ, ಗಿರಾಕಿಗಳೆಲ್ಲ ಹೊರದೇಶದವರು. ಅದರಲ್ಲಿ ಪಳಗಿದ ಕೈಗಳಿಗೆ ಐಫೋನ್ ಬಂದಾಗ ಆ್ಯಪ್ ತಯಾರಿಕೆಯ ಬಾಗಿಲು ತೆರೆಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಈ ಕಂಪನಿಯನ್ನು 805 ಕೋಟಿ ರೂಪಾಯಿಗೆ ಕೊಳ್ಳಲು ಮುಂದಾಯಿತು. ಗಿರಾಕಿ ಎಲ್ಲಿದ್ದಾನೆ, ಅವನನ್ನು ತಲುಪಲು ತಾನು ಎಲ್ಲಿರಬೇಕು ಎಂದು ನೋಡಿಕೊಂಡರೆ ಈ ಗೊಂದಲ ಬಹುಪಾಲು ಬಗೆಹರಿಯುತ್ತದೆ.

ಶುರುವಾದ ಮೇಲಿನ ಬೆಳವಣಿಗೆ ಇನ್ನೂ ಕಷ್ಟದ್ದು, ಏಕೆಂದರೆ ಆಗ ಬದಲಾಗಬೇಕಾದ್ದು ಮಾಲೀಕ. ಕಾಮತರು ಹಣ್ಣಿನ ಸಿಪ್ಪೆ, ಬೀಜ ತೆಗೆಯಲು ತಮಗೊಪ್ಪುವ ಯಂತ್ರಗಳನ್ನು ಮಾಡಿಸಿದರು, ಫ್ರಾಂಚೈಸಿ ಕೊಟ್ಟರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ನ್ಯಾಚುರಲ್ಸ್ ದೇಶದ ಹಲವು ನಗರಗಳಲ್ಲಿತ್ತು. ತಾನೇ ಐಸ್‌ಕ್ರೀಮ್ ಮಾಡುತ್ತಿದ್ದವನು ಮಾಡುವವರನ್ನು ತಯಾರುಮಾಡುವವನಾಗಬೇಕು. ಈ ಹಂತದಲ್ಲಿ ಎಡವುವ ಅಂಗಡಿಗಳೇ ಹೆಚ್ಚು.

ಅದಕ್ಕೇ ರುಡ್‌ಸೆಟ್ ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಗಳ ಬೆನ್ನಿಗೆ ನಿಲ್ಲುತ್ತದೆ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುತ್ತದೆ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆ ಆರ್‌ಸೆಟಿ ಹೆಸರಿನಲ್ಲಿ ವಿಸ್ತರಿಸಿತು. ಮುದ್ರಾ ಸಾಲವೂ ಹಂತಹಂತವಾಗಿದೆ: ಶಿಶುವಿನಲ್ಲಿ 50 ಸಾವಿರದವರೆಗೆ, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷ. ತರುಣ ಸಾಲವನ್ನು ಪೂರ್ತಿ ತೀರಿಸಿದವರಿಗೆ ಮಾತ್ರ 20 ಲಕ್ಷದವರೆಗಿನ ಮುಂದಿನ ಹಂತ ತೆರೆಯುತ್ತದೆ.