ಮಿತವ್ಯಯದ ಸಕುಟುಂಬ ಪ್ರವಾಸ

ವಿಮಾನಯಾನ, ಹೋಟೆಲುವಾಸಗಳಿಲ್ಲದೆ ಪ್ರವಾಸವೇ ಇಲ್ಲವೆಂದು ಸಾಲಮಾಡುವ ಗೃಹಸ್ಥರುಂಟು. ವೆಚ್ಚಕ್ಕಂಜಿ ವೃದ್ಧರನ್ನೂ ಹೆಂಗಸರನ್ನೂ ಮನೆಯಲ್ಲಿಯೇ ಬಿಡುವವರೂ ಉಂಟು. ಎರಡೂ ಯುಕ್ತವಲ್ಲ.

ಕಲಬುರಗಿಯ ವಾಚಕರು ಮೊದಲು ಬೀದರಿಗೆ ಸಕುಟುಂಬರಾಗಿ ಹೋಗಿಬರಲಿ. ಕಮಲಾಪುರದ ಮೇಲೆ ಹಾಯುವ ಸುಮಾರು 110 ಕಿಲೋಮೀಟರಿನ ರೈಲುಮಾರ್ಗವು 2017ರಲ್ಲಿ ತೆರೆಯಿತು. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಾದರೆ ರಾಜ್ಯದ ಹೆಂಗಸರಿಗೆ 2023ರಿಂದ ಟಿಕೀಟಿನ ಹಣವೇ ಇಲ್ಲ. ಮನೆಯ ರೊಟ್ಟಿಬುತ್ತಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಕೂಡಿದರೆ ಹಾದಿಯ ಆಹಾರ ಸಿದ್ಧ.

ಬಹಮನಿ ಅರಸರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ನಮ್ಮೂರ ಕೋಟೆಯನ್ನು ಬಲ್ಲ ಮಕ್ಕಳು ಅಲ್ಲಿಯ ಕೋಟೆಯನ್ನೂ, ಮಹಮೂದ್ ಗವಾನನು 1472ರ ಸುಮಾರಿಗೆ ಕಟ್ಟಿಸಿದ ವಿದ್ಯಾಲಯವನ್ನೂ ಕಂಡರೆ ಚರಿತ್ರೆಯ ಪಾಠ ಪ್ರತ್ಯಕ್ಷವಾಗುವುದು. ನಾನಕ್ ಝೀರಾ ಗುರುದ್ವಾರದಲ್ಲಿ ಜಾತಿಭೇದವಿಲ್ಲದೆ ಎಲ್ಲರಿಗೂ ಅನ್ನದಾನವುಂಟು. ಬೆಳಗ್ಗೆ ಹೊರಟು ರಾತ್ರಿಗೆ ಮರಳಿದರೆ ವಸತಿಯ ವೆಚ್ಚವಿಲ್ಲ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಯಾರೂ ಮನೆಯಲ್ಲುಳಿಯಬೇಕಾಗಿಲ್ಲ.