ಬ್ರೇಕ್ ಪೆಡಲ್ ಮೆತ್ತಗಿದ್ದರೆ ಹೊರಡಬೇಡಿ

ನಾಳೆ ಬೆಳಿಗ್ಗೆ ಸಂಬಂಧಿಕರ ಮನೆಯಲ್ಲಿ ನಿಕಾಹ್. ಮಕ್ಕಳೊಂದಿಗೆ ಚಾರ್ಮಾಡಿ ಘಾಟಿ ಇಳಿಯಬೇಕು. ಕಾರಿನ ಬ್ರೇಕ್ ಪ್ಯಾಡ್ ಸವೆದಿತ್ತೆಂದು ಸಂಜೆಯೇ ಹೊಸದು ಹಾಕಿಸಿ ತಂದಾಗಿದೆ. ನೀವು ಕೂತು ಬ್ರೇಕ್ ಒತ್ತಿದರೆ ಪೆಡಲ್ ಹತ್ತಿಯ ದಿಂಬಿನಂತೆ ಕೆಳಗಿಳಿಯುತ್ತದೆ. "ಹೊಸ ಪ್ಯಾಡ್ ಅಲ್ಲವೇ, ಸ್ವಲ್ಪ ಓಡಿದರೆ ಸರಿಹೋಗುತ್ತದೆ" ಎನ್ನುತ್ತಾರೆ ಮನೆಯವರು. ಸಹೋದರಿ, ಆ ಮಾತಿಗೆ ತಲೆಯಾಡಿಸುವ ಮೊದಲು ಇದನ್ನು ಓದಿ.

ಪೆಡಲ್ ಒತ್ತಿದಾಗ ಪೈಪಿನೊಳಗಿನ ಬ್ರೇಕ್ ಆಯಿಲ್ ಆ ಒತ್ತಡವನ್ನು ಚಕ್ರದ ಬಳಿಯ ಪಿಸ್ಟನ್‌ಗೆ ಮುಟ್ಟಿಸುತ್ತದೆ. ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುತ್ತದೆ. ಹೊಸ ಪ್ಯಾಡ್ ದಪ್ಪವಾಗಿರುವುದರಿಂದ ಮೆಕ್ಯಾನಿಕ್ ಪಿಸ್ಟನನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿರುತ್ತಾನೆ. ಹಾಗಾಗಿ ಮೊದಲ ಕೆಲವು ಸಲ ಪೆಡಲ್ ಆಳಕ್ಕೆ ಹೋಗುವುದು ಸಹಜ. ಆದರೆ ಗಾಡಿ ನಿಂತಲ್ಲೇ ನಿಧಾನವಾಗಿ ಹಲವು ಬಾರಿ ಒತ್ತಿದರೆ ಅದು ಗಟ್ಟಿಯಾಗಬೇಕು. ಹೊಸ ಪ್ಯಾಡಿನ ಹಿಡಿತ ಮೊದಮೊದಲು ಸ್ವಲ್ಪ ಕಡಿಮೆ ಇರಬಹುದು. ಪೆಡಲ್ ನೆಲ ಮುಟ್ಟುವುದಕ್ಕೆ ಅದು ಕಾರಣವಲ್ಲ.

ಗಟ್ಟಿಯಾಗಲಿಲ್ಲವೇ? ಇಂಜಿನ್ ಆಫ್ ಮಾಡಿ ನೀವೇ ಪರೀಕ್ಷಿಸಬಹುದು.

ಬೇಗ ಬೇಗ ಒತ್ತಿದಾಗ ಗಟ್ಟಿಯಾಗಿ, ಬಿಟ್ಟು ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಕೆಲಸದ ವೇಳೆ ಆಯಿಲ್ ಪೈಪ್ ಬಿಚ್ಚಿದ್ದರೆ ಹೀಗಾಗಬಹುದು. ಗಾಳಿ ತೆಗೆಸಲೇಬೇಕು. ಹಿಂದಿನ ಡ್ರಮ್ ಬ್ರೇಕ್ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣಬಹುದು. ಅದನ್ನೂ ನೋಡಲು ಹೇಳಿ.

ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ಮೆಲ್ಲನೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹಾಳಾಗಿದೆ. ಚಕ್ರದ ಒಳಬದಿ ಮತ್ತು ಗಾಡಿಯಡಿಯ ನೆಲ ಒದ್ದೆಯಾಗಿದೆಯೇ ನೋಡಿ. ಬಾನೆಟ್ ತೆರೆದು ಆಯಿಲ್ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ಗಮನಿಸಿ. ಪೆಡಲ್ ಒತ್ತಿಕೊಂಡೇ ಇಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗಿಳಿದು ನಿಂತರೆ ಗಾಬರಿ ಬೇಡ. ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಲಕ್ಷಣ.

ಆಯಿಲ್ ಹಳೆಯದಾದರೂ ಅಪಾಯವೇ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕು. ನೀರು ಸೇರಿದಾಗ ಈ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಆವಿಯಾಗಿ, ಗಟ್ಟಿಯಾಗಿದ್ದ ಪೆಡಲೂ ಅರ್ಧ ದಾರಿಯಲ್ಲಿ ಮೆತ್ತಗಾದೀತು. ಇಳಿಜಾರಿನಲ್ಲಿ ಕೆಳ ಗೇರ್ ಬಳಸುವುದು ಇದಕ್ಕಾಗಿಯೇ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯದು.

"ಅಲ್ಲಾಹನಿದ್ದಾನೆ, ಹೋಗೋಣ" ಎನ್ನುವವರೂ ಇದ್ದಾರೆ. ಅಲ್ಲಾಹನಿದ್ದಾನೆ, ನಿಜ. ಆದರೆ ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕಟ್ಟದೆ ಬಿಡುವುದು ತವಕ್ಕುಲ್ ಅಲ್ಲ, ಅಸಡ್ಡೆ. ಹಿಂದಿನ ಸೀಟಿನಲ್ಲಿ ಮಲಗಿರುವ ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ತು. ಎದುರಿನಿಂದ ಬರುವವರ ಜೀವವೂ ಹಾಗೆಯೇ.

ಆದ್ದರಿಂದ ಪೆಡಲ್ ಗಟ್ಟಿಯಾಗದಿದ್ದರೆ ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ. ನಿಕಾಹ್‌ಗೆ ಬಸ್ಸಿನಲ್ಲಿ ಹೋಗಿ. ತಡವಾಗಿ ಬಂದಿರೆಂದು ಯಾರಾದರೂ ಮುನಿಸಿಕೊಂಡರೆ, ಆ ಮುನಿಸನ್ನು ಒಂದು ಸಲಾಮ್ ಕರಗಿಸೀತು.