ಹದಿನಾರು ಸಿಲಿಂಡರಿನ ಕ್ಯಾಡಿಲಾಕ್ ಮತ್ತು ಅದರ ಪುನರುದ್ಧಾರ

ಮೋಟಾರು ಕಾರಿನ ಹಿರಿಮೆಯನ್ನು ಅದರ ವೇಗದಿಂದ ಅಳೆಯುವುದು ವಾಡಿಕೆ. ಆದರೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಮೆರಿಕದಲ್ಲಿ ಸಿರಿವಂತರಿಗಾಗಿ ಕಾರುಗಳನ್ನು ರೂಪಿಸಿದ ತಂತ್ರಜ್ಞರು ವೇಗದಷ್ಟೇ ಶ್ರದ್ಧೆಯಿಂದ ನಿಶ್ಶಬ್ದವನ್ನೂ ಸಾಧಿಸಹೊರಟರು. ಹಳೆಯ ಕಾರುಗಳನ್ನು ಕಾಣಲು ಬೆಟ್ಟದಪುರದ ಕಡೆಯವರು ಬಹುದೂರ ಹೋಗಬೇಕಾಗಿಲ್ಲ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯ ಫಲವಾಗಿ ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿಯೂ ಅಂತಹ ಅನೇಕ ವಾಹನಗಳು ಉಳಿದುಬಂದಿವೆ. ನೋಡುಗರ ಕಣ್ಣು ಅವುಗಳ ಹೊಳಪಿನ ಮೇಲೆ ನಿಲ್ಲುವುದು ಸಹಜ. ಒಳಗಿನ ಯಂತ್ರದ ಮರ್ಮವನ್ನು ತಿಳಿಯಬೇಕಾದರೆ ಆ ಯುಗದ ಶ್ರೇಷ್ಠ ಮಾದರಿಯೊಂದನ್ನು ಪರಿಶೀಲಿಸುವುದು ಉಚಿತ.

ಕ್ಯಾಡಿಲಾಕ್ ಸಂಸ್ಥೆ 1930ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ ‘ವಿ-16’ ಅಂತಹ ಮಾದರಿ. ಇದರ ಯಂತ್ರವನ್ನು ರೂಪಿಸಿದವನು ಓವನ್ ನ್ಯಾಕರ್. ಕೊಂಡವರ ಅಭಿರುಚಿಗೆ ತಕ್ಕಂತೆ ಹಲವು ಬಗೆಯ ಮೈಗಳನ್ನು ಇದಕ್ಕೆ ಕಟ್ಟಲಾಗುತ್ತಿತ್ತು, ‘ಕೂಪೆ’ ಅವುಗಳಲ್ಲೊಂದು. ‘ಕತ್ತರಿಸಿದ್ದು’ ಎಂಬರ್ಥದ ಫ್ರೆಂಚ್ ಪದವಿದು. ಎರಡು ಬಾಗಿಲುಗಳ, ಮೊಟಕು ಮೈಯ ಮುಚ್ಚುಗಾಡಿಗೆ ಈ ಹೆಸರು.

ಹದಿನಾರು ಸಿಲಿಂಡರುಗಳ ಅಗತ್ಯವಾದರೂ ಏನು? ಈ ಬಗೆಯ ಯಂತ್ರದಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಸ್ಫೋಟಗೊಳ್ಳುತ್ತದೆ. ನಾಲ್ಕು ಸಿಲಿಂಡರುಗಳಿದ್ದರೆ ಒಂದು ಸುತ್ತಿಗೆ ಎರಡು ಪೆಟ್ಟು, ಹದಿನಾರಿದ್ದರೆ ಎಂಟು. ಒಂಟಿ ಒನಕೆಯ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಹಲವು ಒನಕೆಗಳು ಸರದಿ ತಪ್ಪದೆ ಬಿದ್ದರೆ ಸದ್ದು ಒಂದೇ ಧಾರೆಯಾಗುತ್ತದೆ. ಇಲ್ಲಿ ನಡೆಯುವುದೂ ಅದೇ. ಎಂಟೆಂಟು ಸಿಲಿಂಡರುಗಳ ಎರಡು ಸಾಲುಗಳು 45 ಡಿಗ್ರಿ ಕೋನದಲ್ಲಿ ಕೂಡುತ್ತವೆ. ಪ್ರತಿ 45 ಡಿಗ್ರಿಗೂ ಒಂದು ಪೆಟ್ಟು ಬೀಳುತ್ತದೆ. ಒಟ್ಟು ಗಾತ್ರ 452 ಘನ ಅಂಗುಲ, ಅಂದರೆ ಸುಮಾರು 7.4 ಲೀಟರು.

ಮತ್ತೊಂದು ತೊಡಕು ಕವಾಟಗಳದು. ಕಾಯ್ದ ಲೋಹ ಹಿಗ್ಗುವುದರಿಂದ ಕವಾಟದ ಬಳಿ ಕೊಂಚ ಸಂದು ಬಿಡಲೇಬೇಕು. ಆ ಸಂದಿನಿಂದಲೇ ಟಿಕ್‌ಟಿಕ್ ಸದ್ದು ಹುಟ್ಟುತ್ತದೆ. ವಿ-16 ಯಂತ್ರದಲ್ಲಿ ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಸಾಧನವೊಂದು ಈ ಸಂದನ್ನು ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಲೋಹದ ಸದ್ದನ್ನು ಎಣ್ಣೆ ನುಂಗಿತು.

ಆದರೆ ಕಾಲ ಅನುಕೂಲವಾಗಿರಲಿಲ್ಲ. 1929ರ ಅಕ್ಟೋಬರಿನಲ್ಲಿಯೇ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು. 1940ರಲ್ಲಿ ತಯಾರಿಕೆ ನಿಲ್ಲುವವರೆಗೆ ಹೊರಬಂದ ಹದಿನಾರು ಸಿಲಿಂಡರಿನ ಕ್ಯಾಡಿಲಾಕುಗಳು ಸುಮಾರು 4,000 ಮಾತ್ರ. ಅವುಗಳಲ್ಲಿ ಬಹುಪಾಲು ಮೊದಲ ವರ್ಷದಲ್ಲಿಯೇ ತಯಾರಾದವು.

ಆದುದರಿಂದ ಇಂತಹ ಕಾರಿನ ಪುನರುದ್ಧಾರ ಬಣ್ಣ ಬಳಿಯುವಷ್ಟು ಸುಲಭವಲ್ಲ. ಹೊರಗಿನ ತಗಡಿನ ಅಡಿಯಲ್ಲಿ ಮರದ ಚೌಕಟ್ಟಿದೆ. ಅದು ಲಡ್ಡಾಗಿದ್ದರೆ ಬಾಗಿಲು ಜಗ್ಗುತ್ತದೆ, ಬಡಗಿ ಬೇಕಾಗುತ್ತದೆ. ಸವೆದ ಬೇರಿಂಗುಗಳಿಗೆ ಬಿಳಿಲೋಹವನ್ನು ಕರಗಿಸಿ ಎರೆದು, ಅಳತೆಗೆ ತಕ್ಕಂತೆ ಹೆರೆದು ಕೂಡಿಸಬೇಕು. ಸಿಗದ ಬಿಡಿಭಾಗಗಳನ್ನು ಹೊಸದಾಗಿ ಎರಕ ಹೊಯ್ಯಬೇಕು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದ ನಮ್ಮ ಕಮ್ಮಾರ, ಬಡಗಿಗಳ ಕೌಶಲಕ್ಕೂ ಈ ಕೆಲಸಕ್ಕೂ ನಂಟಿದೆ: ಎರಡನ್ನೂ ಪುಸ್ತಕವೊಂದರಿಂದಲೇ ಕಲಿಯಲಾಗದು, ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು.

ಹೊಳೆಯುವ ಕಾರು ನೋಡುಗರನ್ನು ಮೆಚ್ಚಿಸೀತು. ಅದು ನಿಜವಾಗಿ ಉದ್ಧಾರವಾಗಿದೆಯೇ ಎಂಬುದು ಮಾತ್ರ ಯಂತ್ರ ತಿರುಗಿದಾಗಲೇ ತಿಳಿಯುತ್ತದೆ. ಬಲ್ಲವರು ಆಗ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಸಂಗ್ರಹಾಲಯಗಳು ವಾಹನಗಳನ್ನು ಕಾಪಾಡುತ್ತಿವೆ. ಅವುಗಳನ್ನು ನಡೆಸಬಲ್ಲ ಕೈಗಳನ್ನು ಸಿದ್ಧಪಡಿಸುವ ಹೊಣೆ ವಿದ್ಯಾಲಯಗಳಿಗೂ ಸೇರಿದ್ದು.